ನಮ್ಮ ಕೆರೆಗೆ ಬಂದ ಆಫ್ರಿಕಾದ ಮೀಸೆ

ನಾನು ಮದುವೆಯಾಗಿ ಆ ಊರಿಗೆ ಬಂದ ವಾರದಲ್ಲೇ ನಮ್ಮ ಮಾವನವರ ಮೊಲಗಳು ಗೂಡಿನ ಜಾಲರಿ ಕಡಿದು ಓಡಿಹೋದವು. ಅಂಗೋರಾ ಮೊಲಗಳು. ಅವುಗಳ ಉಣ್ಣೆಯಿಂದ ಸ್ವೆಟರ್ ಮಾಡಬಹುದೆಂದು ಯಾರದೋ ಮಾತು ಕೇಳಿ ತಂದಿದ್ದರು. ನಂಜನಗೂಡಿಗೂ ತಿರುಮಕೂಡಲು ನರಸೀಪುರಕ್ಕೂ ನಡುವೆ ಇರುವ ಊರಲ್ಲಿ ಸ್ವೆಟರ್ ಯಾರಿಗೆ ಬೇಕು ಎಂದು ನಾನು ಕೇಳಲಿಲ್ಲ. ಹೊಸ ಸೊಸೆ ಅಂಥದ್ದನ್ನೆಲ್ಲ ಕೇಳಬಾರದು. ಕೇಳುವ ಕೆಲಸವನ್ನು ಅತ್ತೆ ನೋಡಿಕೊಳ್ಳುತ್ತಿದ್ದರು.

"ಓದ್ರೆ ಓಗ್ಲಿ ಬುಡಿ. ಸೆಕೆ ತಡೀನಾರ್ದೆ ಓಗವೆ" ಎಂದು ಅವರು ರಾಗಿ ಕೇರುವುದನ್ನು ಮುಂದುವರಿಸಿದರು.

ಮಾವ ಎತ್ತರದ ಆಳು. ಎರಡು ಕಡೆಯೂ ಕೆನ್ನೆ ದಾಟಿ ಇಳಿಯುವ ಮೀಸೆ. ಭತ್ತ, ಕಬ್ಬು, ಕರೆಯುವ ಹಸುಗಳು, ಇಷ್ಟರಲ್ಲೇ ನೆಮ್ಮದಿಯಾಗಿ ಇರಬಹುದಾಗಿದ್ದ ಮನುಷ್ಯ. ಆದರೆ ಅವರ ಮನಸ್ಸು ಯಾವಾಗಲೂ ದೂರದಿಂದ ಬಂದ ವಸ್ತುವಿನ ಮೇಲೆ. ನಮ್ಮೂರ ಎಮ್ಮೆಯನ್ನು ತಿರುಗಿ ನೋಡುತ್ತಿರಲಿಲ್ಲ. ಹರಿಯಾಣದ ಎಮ್ಮೆ ಯಾರ ಮನೆಗೋ ಬಂದಿದೆ ಅಂದರೆ ಬಸ್ಸು ಹತ್ತಿ ಹೋಗಿ ನೋಡಿ ಬರುತ್ತಿದ್ದರು. ಮೊಲಕ್ಕೆ ಮುಂಚೆ ಅಣಬೆ ಬೆಳೆಸಿದ್ದರಂತೆ. ಮನೆಯಲ್ಲಿ ತಂಪಾದ ಜಾಗ ಅದೊಂದೇ ಎಂದು ಹುಲ್ಲಿನ ಕಂತೆಗಳನ್ನು ದೇವರ ಕೋಣೆಯಲ್ಲಿ ನೇತುಹಾಕಿದ್ದರಂತೆ. "ದೇವ್ರಿಗೆ ಕೈ ಮುಗ್ಯಕ್ಕೂ ಜಾಗ ಬುಡ್ನಿಲ್ಲ ಕಣವ್ವ, ಅಣಬೆಗೇ ಕೈ ಮುಗುದು ಈಚೆಗೆ ಬತ್ತಿದ್ದೆ" ಎಂದು ಅತ್ತೆ ನನಗೆ ಹೇಳಿದ್ದರು.

ನಮ್ಮ ಯಜಮಾನರಿಗೆ ತಾಂಡ್ಯದ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸ. ಅಪ್ಪನ ಹೊಸ ಯೋಜನೆಗಳು ಶುರುವಾದಾಗಲೆಲ್ಲ ಅವರಿಗೆ ಹೇಗೋ ಓವರ್‌ಟೈಮ್ ಸಿಕ್ಕಿಬಿಡುತ್ತಿತ್ತು. ನಾನು ಬಿ.ಎಸ್ಸಿ. ಮುಗಿಸಿ ಬಿ.ಎಡ್. ಮಾಡಿದ್ದವಳು, ಮದುವೆಯಾದ ಮೇಲೆ ನರಸೀಪುರದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಹೇಳುವ ಕೆಲಸ ಹಿಡಿದೆ. ಹೀಗಾಗಿ ಮಾವನವರಿಗೆ ಮಾತಾಡಲು ಸಿಗುತ್ತಿದ್ದವಳು ನಾನೇ. ಸೊಸೆ ವಿಜ್ಞಾನ ಓದಿದ್ದಾಳೆ ಎಂಬುದು ಅವರಿಗೆ ದೊಡ್ಡ ಹೆಮ್ಮೆ. ಆದರೆ ಸೊಸೆಯನ್ನು ಕೇಳಿ ಏನನ್ನಾದರೂ ಮಾಡಬೇಕೆಂದು ಅವರಿಗೆ ಯಾವತ್ತೂ ಅನ್ನಿಸಿರಲಿಲ್ಲ.

ಊರ ಮುಂದೆಯೇ ಕೆರೆ. ನಾಲೆಯ ಬಸಿ ನೀರೂ ಮಳೆಯ ನೀರೂ ಸೇರಿ ತುಂಬುವ ಸಾಧಾರಣ ಕೆರೆ. ನಂಜನಗೂಡಿನಲ್ಲಿ ಹೊಳೆಯ ದಂಡೆಯಲ್ಲಿ ಬೆಳೆದ ನನಗೆ ಕೆರೆ ಎಂದರೆ ಸ್ವಲ್ಪ ತಾತ್ಸಾರವಿತ್ತು. ನಿಂತ ನೀರು, ಅದರಲ್ಲೇನಿದೆ ಅಂದುಕೊಂಡಿದ್ದೆ. ಮೊದಲನೇ ಸಲ ಬಟ್ಟೆ ಒಗೆಯಲು ಅತ್ತೆಯ ಜೊತೆ ಇಳಿದಾಗ ಪಾದದ ಸುತ್ತ ಪುಟ್ಟ ಪುಟ್ಟ ಮೀನುಗಳು ಬಂದು ಕಚಗುಳಿ ಇಟ್ಟವು. ನಾನು ಹಾರಿ ಮೇಲೆ ಬಂದೆ. ಸುತ್ತ ಇದ್ದ ಹೆಂಗಸರೆಲ್ಲ ನಕ್ಕರು.

"ಒಸಬ್ರ ಕಾಲು ರುಚಿ ನೋಡ್ತವೆ. ಸುಮ್ಕೆ ನಿಂತ್ಕೊ, ಪರಿಚಯ ಆದ್ಮೇಲೆ ಬುಡ್ತವೆ" ಎಂದರು ಅತ್ತೆ.

ನೀರು ಎಷ್ಟು ತಿಳಿಯಾಗಿತ್ತೆಂದರೆ ಸೊಂಟದಾಳದಲ್ಲಿ ನಿಂತರೂ ಕಾಲುಂಗುರ ಕಾಣುತ್ತಿತ್ತು. ತಳದ ಕೆಸರಿನಲ್ಲಿ ಅರ್ಧ ಹೂತುಕೊಂಡು, ಬಾಯಿ ಒಂದಿಷ್ಟೇ ತೆರೆದು ಕಪ್ಪೆಚಿಪ್ಪುಗಳು ಕೂತಿರುತ್ತಿದ್ದವು. ನೋಡದೆ ಕಾಲಿಟ್ಟರೆ ಅಂಗಾಲು ಕೊಯ್ಯುತ್ತಿತ್ತು. ಸತ್ತ ಚಿಪ್ಪುಗಳನ್ನು ಆರಿಸಿ ತಂದು ಅತ್ತೆ ಮಾವಿನಕಾಯಿ ಸಿಪ್ಪೆ ಹೆರೆಯಲು, ತಳ ಹಿಡಿದ ಹಾಲಿನ ಪಾತ್ರೆ ಕೆರೆಯಲು ಇಟ್ಟುಕೊಳ್ಳುತ್ತಿದ್ದರು. ಕೆರೆಯ ಒಂದು ಮೂಲೆಯಲ್ಲಿ ಜೊಂಡು, ಅದರೊಳಗೆ ನೀರುಕೋಳಿಗಳ ಗೂಡು. ಮಳೆ ಹಿಡಿದರೆ ಬೆರಳುದ್ದದ ಸಾಸಲು, ಪಕ್ಕೆ ಮೀನುಗಳು ಕಾಲುವೆಗೆ ಎದುರೇರಿ ಬರುತ್ತಿದ್ದವು. ಹಳೆಯ ಸೀರೆಯ ತುಂಡು ಹಿಡಿದು ಬಾಚಿ ತಂದರೆ ಆ ದಿನದ ಸಾರು ಬೇರೆಯೇ. ಸಾಸಲು ಮೀನಿನ ಸಾರಿಗೆ ಅತ್ತೆಯ ಕೈ ಎಂದರೆ ಊರೇ ಒಪ್ಪುವ ಮಾತು.

ಕೆರೆಯ ಏರಿ ಮುಗಿಯುವಲ್ಲಿ ಒಂದು ಅಂಗಡಿ. ಅಂಗಡಿಯ ಸಾವ್ಕಾರರು ಕೊರಳಲ್ಲಿ ಲಿಂಗ ಕಟ್ಟಿದವರು, ಹುಟ್ಟಿದಾಗಿನಿಂದ ಮೀನು ಮುಟ್ಟಿದವರಲ್ಲ. ಆದರೂ ಕೆರೆಯ ಮೀನಿನ ಸಮಾಚಾರ ಊರಿನಲ್ಲಿ ಮೊದಲು ಗೊತ್ತಾಗುತ್ತಿದ್ದದ್ದು ಅವರಿಗೇ. ನಮ್ಮ ಮಾವನಿಗೂ ಅವರಿಗೂ ಸ್ಲೇಟು ಬಳಪದ ಕಾಲದ ಸ್ನೇಹ. ದಿನಕ್ಕೊಮ್ಮೆ ಜಗಳವಾಡದಿದ್ದರೆ ಇಬ್ಬರಿಗೂ ಉಂಡದ್ದು ಅರಗುತ್ತಿರಲಿಲ್ಲ.

ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಮಾವ ಚಿಕ್ಕಯ್ಯನಛತ್ರದ ಕಡೆ ಯಾರದೋ ತೋಟಕ್ಕೆ ಹೋಗಿದ್ದವರು ಮೊಪೆಡ್ಡಿನ ಎರಡೂ ಕಡೆ ಪ್ಲಾಸ್ಟಿಕ್ ಕ್ಯಾನು ಕಟ್ಟಿಕೊಂಡು ಬಂದರು. ಒಳಗೆ ಕಡ್ಡಿಯಂಥ ಕಪ್ಪು ಮರಿಗಳು.

"ಏನ್ರೀ ಇವು" ಎಂದರು ಅತ್ತೆ.

"ಮೀನು. ಆಫ್ರಿಕಾದ್ದು. ಕ್ಯಾಟ್‌ಪಿಸ್ಸು ಅಂತ."

"ಅಂಗಂದ್ರೆ?"

ಮಾವ ನನ್ನ ಕಡೆ ನೋಡಿದರು. "ಬೆಕ್ಕು ಮೀನು ಅಂತ ಅರ್ಥ ಅತ್ತೆ. ಮೀಸೆ ಇರುತ್ತಲ್ಲ, ಅದಕ್ಕೆ" ಎಂದೆ.

ಅತ್ತೆ ಕ್ಯಾನಿನೊಳಗೆ ಬಗ್ಗಿ ನೋಡಿದರು. ಆಮೇಲೆ ತಲೆಯೆತ್ತಿ ಮಾವನ ಮುಖ ನೋಡಿದರು. "ಸರಿಯೋದ್ವು. ಮಕ್ಳು ಅಪ್ಪನ್ನೇ ಓಲ್ತವೆ."

ಕೆರೆಗೆ ನೀರು ತರುವ ಕಾಲುವೆಯ ಪಕ್ಕ, ನಮ್ಮ ಜೌಗು ಗದ್ದೆಯ ಮೂಲೆಯಲ್ಲಿ ಮಾವ ಹೊಂಡ ತೆಗೆಸಿದರು. ಮೀನು ಬೇಗ ಬೆಳೆಯುತ್ತದೆ, ಏನು ಹಾಕಿದರೂ ತಿನ್ನುತ್ತದೆ, ನೀರು ಕೆಟ್ಟರೂ ಸಾಯುವುದಿಲ್ಲ ಎಂದು ಅವರು ಊರಿಗೆಲ್ಲ ಹೇಳಿದರು. ಮೂರೂ ಮಾತು ನಿಜವೇ ಆಗಿತ್ತು. ತೊಂದರೆಯೂ ಅಲ್ಲೇ ಇತ್ತು, ಅದು ಆಗ ನಮಗೆ ಯಾರಿಗೂ ಹೊಳೆಯಲಿಲ್ಲ. ದಿನಾ ಬೆಳಿಗ್ಗೆ ನರಸೀಪುರದ ಕೋಳಿ ಅಂಗಡಿಗಳಿಂದ ಕರುಳು, ಪುಕ್ಕ, ಚರ್ಮ ತುಂಬಿಕೊಂಡು ಬಂದು ಹೊಂಡಕ್ಕೆ ಸುರಿಯುತ್ತಿದ್ದರು. ನಾನು ಶಾಲೆಯ ಬಸ್ಸಿಗೆ ನಿಂತಾಗ ಮಾವನ ಮೊಪೆಡ್ ಎದುರಿಗೆ ಬಂದರೆ ನಿಂತವರೆಲ್ಲ ಮೂಗು ಮುಚ್ಚಿಕೊಳ್ಳುತ್ತಿದ್ದರು. ನಾನೂ ಮುಚ್ಚಿಕೊಂಡು, ಅವರು ಯಾರೋ ಎಂಬಂತೆ ಬೇರೆ ಕಡೆ ನೋಡುತ್ತಿದ್ದೆ. ಮಾವ ಮಾತ್ರ ಗಾಡಿ ನಿಧಾನ ಮಾಡಿ, "ಸ್ಕೂಲ್ಗೆ ಒಂಟ್ಯಾ ಮಗ" ಎಂದು ಎಲ್ಲರಿಗೂ ಕೇಳುವಂತೆ ಮಾತಾಡಿಸಿಯೇ ಹೋಗುತ್ತಿದ್ದರು.

ಮೀನು ಬೆಳೆದವು. ಬೆಳೆದದ್ದಷ್ಟೇ ಅಲ್ಲ, ತಮ್ಮಲ್ಲೇ ಸಣ್ಣವನ್ನು ದೊಡ್ಡವು ನುಂಗಿ ಇನ್ನಷ್ಟು ಬೆಳೆದವು. ಚಪ್ಪಟೆ ತಲೆ, ಜಾರುವ ಮೈ, ಬಾಯಿಯ ಸುತ್ತ ಉದ್ದ ಮೀಸೆ. ಊರವರು ಅದಕ್ಕೆ ಕ್ಯಾಟ್‌ಫಿಶ್ ಎನ್ನಲೂ ಇಲ್ಲ, ಬೆಕ್ಕು ಮೀನು ಎನ್ನಲೂ ಇಲ್ಲ. 'ಮೀಸೆಗೌಡ' ಎಂದು ಕರೆದರು. ಆ ಹೆಸರು ಇಟ್ಟವರು ಯಾರೆಂದು ಮಾವ ಬಹಳ ದಿನ ವಿಚಾರಿಸಿದರು. ಅಂಗಡಿಯ ಸಾವ್ಕಾರರೇ ಎಂಬ ಅನುಮಾನ ಅವರಿಗಿತ್ತು. ಅತ್ತೆ ಎಂಬುದು ನನಗೆ ಗೊತ್ತಿತ್ತು.

ಆ ವರ್ಷ ಚಿತ್ತೆ ಮಳೆ ಬಿಡದೆ ಹೊಡೆಯಿತು. ಕಾಲುವೆ ಉಕ್ಕಿ ಹೊಂಡದ ದಂಡೆ ಕುಸಿಯಿತು. ಬೆಳಿಗ್ಗೆ ನಾವು ಹೋಗಿ ನೋಡಿದಾಗ ಹೊಂಡ ಎಲ್ಲಿ, ಗದ್ದೆ ಎಲ್ಲಿ, ಕಾಲುವೆ ಎಲ್ಲಿ ಎಂದು ತಿಳಿಯದಂತೆ ಕೆಂಪು ನೀರು ಹರಡಿತ್ತು. ಮೀನುಗಳೆಲ್ಲ ಕೆರೆ ಸೇರಿದ್ದವು. ದಾರಿ ತಪ್ಪಿದ ಕೆಲವು ಡಾಂಬರು ರಸ್ತೆಗೇ ಬಂದು, ಕೆನ್ನೆಯ ಮುಳ್ಳು ಊರಿ ಮೈ ತಿರುಚುತ್ತ ತೆವಳುತ್ತಿದ್ದವು. ಬಸ್ಸು ನಿಂತಿತು. ಡ್ರೈವರ್ ಇಳಿದು ನೋಡಿ, "ಇದೇನ್ರಲಾ, ನಿಮ್ಮೂರ್ ಮೀನು ರೋಡ್ ಕ್ರಾಸ್ ಮಾಡ್ತವೆ" ಎಂದ. ಮೀನು ದಾಟುವವರೆಗೂ ಬಸ್ಸು ಕಾಯಿತು ಎಂದು ಸಾವ್ಕಾರರು ಆಮೇಲೆ ಹೇಳುತ್ತಿದ್ದರು. ಅದು ಸುಳ್ಳು. ಜನ ಇಳಿದು ಅಷ್ಟನ್ನೂ ಚೀಲಕ್ಕೆ ತುಂಬಿಕೊಂಡರು, ನಾನು ಆ ಬಸ್ಸಿಗೇ ಹೋಗಬೇಕಾಗಿದ್ದರಿಂದ ಕಣ್ಣಾರೆ ನೋಡಿದ್ದೇನೆ.

ಮಾವ ಎದೆಗುಂದಲಿಲ್ಲ. "ಎಲ್ಲೋದ್ವು? ನಮ್ಮೂರ್ ಕೆರೆಗೆ ತಾನೆ. ತಿನ್ನೋರು ನಮ್ಮೂರೋರೇ. ದಾನ ಅನ್ಕೊತೀನಿ" ಎಂದರು. ಮೊದಲ ವರ್ಷ ಅದು ದಾನದಂತೆಯೇ ಇತ್ತು. ಗಾಳ ಹಾಕಿದವರಿಗೆಲ್ಲ ತೋಳುದ್ದದ ಮೀನು. ಮಾವ ಏರಿಯ ಮೇಲೆ ಓಡಾಡಿದರೆ ಜನ ಎದ್ದು ಕೈ ಮುಗಿಯುತ್ತಿದ್ದರು. ಅವರ ಮೀಸೆ ಇನ್ನೂ ಸ್ವಲ್ಪ ಮೇಲಕ್ಕೇರಿತು.

ಬದಲಾವಣೆ ಮೊದಲು ತಿಳಿದದ್ದು ನಮ್ಮ ಕಾಲುಗಳಿಗೆ. ಮಾರನೆಯ ವರ್ಷ ಬಟ್ಟೆ ಒಗೆಯಲು ಇಳಿದರೆ ಕಚಗುಳಿ ಇಡಲು ಯಾವ ಮೀನೂ ಬರಲಿಲ್ಲ. ಪರಿಚಯ ಆಯಿತೇನೋ ಎಂದುಕೊಂಡೆ. ಆಮೇಲೆ ನೋಡಿದರೆ ಅತ್ತೆಯ ಕಾಲಿಗೂ ಇಲ್ಲ, ಹೊಸದಾಗಿ ಬಂದ ಇನ್ನೊಂದು ಮನೆಯ ಸೊಸೆಯ ಕಾಲಿಗೂ ಇಲ್ಲ. ಮಳೆ ಬಂದಾಗ ಸೀರೆ ಹಿಡಿದು ಕಾಲುವೆಯಲ್ಲಿ ನಿಂತವರ ಸೀರೆಗೆ ಬರೀ ಕಸ ಬಿತ್ತು. ಕಪ್ಪೆಗಳ ವಟವಟ ತೆಳ್ಳಗಾಯಿತು. ನೀರುಕೋಳಿ ಮರಿಗಳನ್ನು ಕರೆದುಕೊಂಡು ಸಾಲಾಗಿ ಜೊಂಡಿನಿಂದ ಹೊರಟರೆ, ಕೊನೆಯ ಮರಿ ಇದ್ದಕ್ಕಿದ್ದಂತೆ ನೀರೊಳಗೆ ಹೋಗಿ ಮಾಯವಾಗಿಬಿಡುತ್ತಿತ್ತು. ಸಾವ್ಕಾರರು ಅಂಗಡಿಯಲ್ಲಿ ಕೂತು ಅದನ್ನೇ ನೋಡಿ ನೋಡಿ ಮಂಕಾದರು.

ನೀರೂ ಕೆಟ್ಟಿತು. ಮೀಸೆಗೌಡರ ಹಿಂಡು ತಳದ ಕೆಸರನ್ನು ಮೂತಿಯಿಂದ ಸದಾ ಕದಡುತ್ತಿತ್ತು. ಬಸವನಹುಳು, ಎಳೆಯ ಚಿಪ್ಪು, ಸಿಕ್ಕಿದ್ದೆಲ್ಲ ಅವುಗಳ ಹೊಟ್ಟೆಗೆ. ತಳದ ಪಾಚಿಗಿಡಗಳು ಬೇರು ಕಿತ್ತು ತೇಲಿ ಬಂದವು. ಕಾಲುಂಗುರ ಕಾಣುತ್ತಿದ್ದ ನೀರು ಹಾಲು ಕಡಿಮೆಯಾದ ಕಾಫಿಯ ಬಣ್ಣಕ್ಕೆ ತಿರುಗಿತು. ಮಾವನ ಬಿಳಿ ಪಂಚೆ ಒಗೆದಷ್ಟೂ ಕಂದು ಬಣ್ಣವಾಯಿತು. ಅತ್ತೆ ಅದನ್ನು ಬೇಕೆಂದೇ ಅಂಗಳದ ಮುಂದಿನ ಹಗ್ಗಕ್ಕೆ ಹರವುತ್ತಿದ್ದರು, ಹೋಗಿ ಬರುವವರು ನೋಡಲಿ ಎಂದು.

ಒಂದು ದಿನ ಊಟಕ್ಕೆ ಕೂತಾಗ ಮಾವ ಕೇಳಿದರು. "ಸಾಸಲು ಸಾರು ಮಾಡಿ ಎಷ್ಟು ಕಾಲ ಆಯ್ತು?"

"ಸಾಸಲು ಎಲ್ಲವೆ? ನಿಮ್ ಮಕ್ಳ ಒಟ್ಟೇಲವೆ. ಅವನ್ನೇ ಇಡ್ಕೊಂಡ್ ಬನ್ನಿ, ಮಾಡ್ಕೊಡ್ತೀನಿ."

"ಅದು ಮಣ್ಣು ವಾಸ್ನೆ ಕಣೆ. ನಂಗೆ ಸೇರಲ್ಲ."

ಅತ್ತೆ ಸಾರಿನ ಸೌಟು ಕೆಳಗಿಟ್ಟರು. "ಕೇಳ್ದೇನವ್ವ" ಎಂದು ನನ್ನ ಕಡೆ ತಿರುಗಿದರು. "ಆಫ್ರಿಕಾದಿಂದ ತಂದೋರ್ಗೇ ಸೇರಲ್ವಂತೆ."

ಅದಾದ ಕೆಲವು ದಿನಗಳಿಗೆ ರೇಡಿಯೋದ ಕೃಷಿ ಕಾರ್ಯಕ್ರಮದಲ್ಲಿ ಆ ಮೀನಿನ ವಿಷಯ ಬಂತು. ಅದನ್ನು ಸಾಕಬಾರದೆಂದು ಸರ್ಕಾರ ಹೇಳಿದೆ, ಕೆರೆ ಹೊಳೆಗಳಿಗೆ ಬಿಟ್ಟರೆ ನಮ್ಮ ಮೀನುಗಳನ್ನು ಉಳಿಸುವುದಿಲ್ಲ ಎಂದು ಯಾರೋ ವಿವರಿಸುತ್ತಿದ್ದರು. ಮಾವ ಹಸುವಿಗೆ ಬೂಸಾ ಕಲಸುತ್ತಿದ್ದವರು ಹಾಗೇ ನಿಂತರು. ಕಾರ್ಯಕ್ರಮ ಮುಗಿದು ಚಿತ್ರಗೀತೆ ಶುರುವಾದರೂ ಕೈ ಬೂಸಾದಲ್ಲೇ ಇತ್ತು. ನನಗೆ ಅವತ್ತು ಪಾಪ ಅನ್ನಿಸಿತು. ಅತ್ತೆಗೂ ಅನ್ನಿಸಿರಬೇಕು, ಆ ಸಂಜೆ ಏನೂ ಹೇಳದೆ ಅವರಿಗೆ ಇಷ್ಟವಾದ ಹುರುಳಿ ಬಸ್ಸಾರು ಮಾಡಿದರು.

ಮಾರನೆಯ ಬೆಳಿಗ್ಗೆ ಮಾವ ಗಾಳ ಕೊಳ್ಳಲು ಅಂಗಡಿಗೆ ಹೋದರು.

"ನಾನ್ ತಂದಿದ್ದು. ನಾನೇ ಇಡೀತೀನಿ" ಎಂದರಂತೆ.

"ಅಷ್ಟೂನೂ?" ಎಂದರಂತೆ ಸಾವ್ಕಾರರು.

"ಅಷ್ಟೂನೂ."

ಮಾವನಿಗೆ ಮೀನು ಹಿಡಿದು ಅಭ್ಯಾಸವಿರಲಿಲ್ಲ. ಮೊದಲ ದಿನ ಗಾಳ ತಮ್ಮ ಪಂಚೆಗೇ ಸಿಕ್ಕಿಸಿಕೊಂಡರು. ಎರಡನೇ ದಿನ ಏರಿಯ ಮೇಲೆ ಮೇಯುತ್ತಿದ್ದ ಕುರಿಗೆ. ನಿಧಾನವಾಗಿ ಕೈ ಪಳಗಿತು. ಸಂಜೆ ಹಸು ಕರೆದಾದ ಮೇಲೆ ತೂಬಿನ ಕಲ್ಲಿನ ಮೇಲೆ ಕೂರುವುದು ಅವರ ನೇಮವಾಯಿತು. ಸಾವ್ಕಾರರು ಅಂಗಡಿಯನ್ನು ಹೆಂಡತಿಗೆ ಒಪ್ಪಿಸಿ ಬಂದು ಪಕ್ಕದಲ್ಲಿ ಕೂರುತ್ತಿದ್ದರು. ಅವರು ಗಾಳ ಮುಟ್ಟುತ್ತಿರಲಿಲ್ಲ, ಎರೆಹುಳು ಕಂಡರೆ ಮುಖ ತಿರುಗಿಸುತ್ತಿದ್ದರು. ಆದರೆ ಬೆಂಡು ಅಲ್ಲಾಡಿದರೆ, "ಗೌಡ್ರೇ, ಎಳೀರಿ, ಎಳೀರಿ" ಎಂದು ಎದ್ದು ನಿಲ್ಲುತ್ತಿದ್ದರು. ಮೀನು ಮೇಲೆ ಬಂದಾಗ, "ಶಿವ ಶಿವ, ಪಾಪ" ಎಂದು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಹಿಡಿದ ಮೀನನ್ನು ಬೇಕಾದವರಿಗೆ ಕೊಟ್ಟು ಮಾವ ಬರಿಗೈಯಲ್ಲಿ ಮನೆಗೆ ಬರುತ್ತಿದ್ದರು.

ಎಷ್ಟು ಹಿಡಿದರೂ ಕೆರೆಯಲ್ಲಿ ಅವು ಕಡಿಮೆಯಾದಂತೆ ಕಾಣಲಿಲ್ಲ. ಒಂದು ಮೀನು ಸಾವಿರಾರು ಮೊಟ್ಟೆ ಇಡುತ್ತದೆ, ಗಾಳದಿಂದ ತೀರುವ ಕೆಲಸವಲ್ಲ ಎಂದು ನಾನು ಹೇಳಬಹುದಾಗಿತ್ತು. ತೂಬಿನ ಮೇಲೆ ಇಬ್ಬರು ಮುದುಕರು ಸಂಜೆಬಿಸಿಲಿಗೆ ಬೆನ್ನು ಕೊಟ್ಟು ಜಗಳವಾಡುತ್ತ ಕೂತದ್ದನ್ನು ನೋಡಿದರೆ ಹೇಳಲು ಮನಸ್ಸು ಬರುತ್ತಿರಲಿಲ್ಲ.

ಅಷ್ಟರಲ್ಲಿ ನಮ್ಮ ಶಾಲೆಗೆ ಬರುತ್ತಿದ್ದ ವಿಜ್ಞಾನ ಪತ್ರಿಕೆಯೊಂದರಲ್ಲಿ ನಾನು ಒಂದು ಲೇಖನ ಓದಿದೆ. ಅಮೆರಿಕದ ದೊಡ್ಡ ಸರೋವರಗಳಿಗೆ ಬೇರೆ ದೇಶದಿಂದ ಬಂದ ಚಿಪ್ಪುಗಳ ಕಥೆ ಅದು. ನಮ್ಮ ಕಪ್ಪೆಚಿಪ್ಪಿನ ಜಾತಿಯವೇ, ಬೆರಳಿನ ಉಗುರಿನಷ್ಟು ಗಾತ್ರದವು. ಸಂಜೆ ಅದನ್ನು ತೂಬಿನ ಹತ್ತಿರ ಒಯ್ದು ಇಬ್ಬರಿಗೂ ವಿವರಿಸಿದೆ.

"ಯಾರ್ ತಂದ್ರು ಅಲ್ಲಿಗೆ?" ಮಾವ ಮೊದಲು ಕೇಳಿದ್ದೇ ಅದು.

"ಬೇಕೂಂತ ಯಾರೂ ತರಲಿಲ್ಲ ಮಾವ. ಖಾಲಿ ಹಡಗು ಓಲಾಡದಿರಲಿ ಅಂತ ಭಾರಕ್ಕೆ ನೀರು ತುಂಬ್ಕೊಂಡು ಬರ್ತವಲ್ಲ, ಅದರೊಳಗೆ ಮರಿಗಳು ಬಂದ್ವಂತೆ. ಈಗ ಕಲ್ಲು, ದೋಣಿ, ನೀರಿನ ಪೈಪು, ಎಲ್ಲಿ ನೋಡಿದರೂ ಗೊಂಚಲು ಗೊಂಚಲು ಅಂಟ್ಕೊಂಡಿವೆ. ಅಲ್ಲಿನ ಹಳೇ ಚಿಪ್ಪುಗಳ ಬೆನ್ನ ಮೇಲೂ ಅಂಟ್ಕೊಂಡು ಅವನ್ನ ಬಾಯಿ ತೆರೆಯೋಕೆ ಬಿಡಲ್ಲ. ನೀರನ್ನೆಲ್ಲ ಸೋಸಿ ಸೋಸಿ ಕನ್ನಡಿ ಥರ ಮಾಡಿಬಿಟ್ಟಿವೆ."

"ನೀರು ತಿಳಿಯಾದ್ರೆ ಒಳ್ಳೇದೇ ಅಲ್ವೇನವ್ವ" ಎಂದರು ಸಾವ್ಕಾರರು. "ನಮ್ ಕೆರೆಗೂ ನಾಕು ತರ್ಸಬಹುದು."

ಮಾವ ಗಾಬರಿಯಾಗಿ ಅವರ ಕಡೆ ನೋಡಿದರು.

"ಸೋಸೋವಾಗ ಸಣ್ಣ ಮೀನು ತಿನ್ನೋ ಕಣ್ಣಿಗೆ ಕಾಣದ ಆಹಾರಾನೂ ಸೋಸಿಬಿಡ್ತವೆ. ನೀರು ತಿಳಿ, ಒಳಗೆ ಮೀನಿಗೆ ಉಪವಾಸ. ಬಿಸಿಲು ತಳದವರೆಗೂ ಇಳಿದು ಪಾಚಿ ಬೆಳೆದು ದಡಕ್ಕೆ ಬಂದು ಕೊಳೆಯುತ್ತಂತೆ."

"ಅಂಗಾರೆ ಅಲ್ಲಿ ಚಿಪ್ಪು ಎಚ್ಚಾಗಿ ಕೆಟ್ಟಿತು, ಇಲ್ಲಿ ಚಿಪ್ಪು ಓಗಿ ಕೆಟ್ಟಿತು" ಎಂದರು ಮಾವ. ಆಮೇಲೆ ಅವರ ಮುಖ ಒಂಚೂರು ಅರಳಿತು. "ಓದಿದೋರ್ ದೇಸ್ದಲ್ಲೂ ಇಂಗೇ ಆಗದೆ ಅನ್ನು."

ಆ ರಾತ್ರಿ ಅವರು ಬಹಳ ದಿನದ ಮೇಲೆ ಹೊಟ್ಟೆ ತುಂಬ ಉಂಡರು. ಅಮೆರಿಕದವರ ಕಷ್ಟ ಮಾವನಿಗೆ ಇಷ್ಟು ಹಿತವಾಗಬಾರದಿತ್ತು ಎಂದು ಅತ್ತೆ ಆಮೇಲೂ ಹೇಳುತ್ತಿದ್ದರು.

ಎರಡು ಸಾವಿರದ ಇಸವಿ ಕಳೆದ ಮೇಲೆ ಮಳೆ ಸರಿಯಾಗಿ ಬಾರದ ವರ್ಷಗಳು ಬಂದವು. ನಾಲೆಯಲ್ಲೂ ನೀರು ಬಿಡಲಿಲ್ಲ. ಒಂದು ಬೇಸಿಗೆ ಕೆರೆ ಬತ್ತಿ ತೂಬಿನ ಮುಂದೆ ಎಮ್ಮೆ ಮುಳುಗುವಷ್ಟು ಗುಂಡಿಯಲ್ಲಿ ಮಾತ್ರ ನೀರು ಉಳಿಯಿತು. ಊರವರು ಬಲೆ ಹಾಕಿ ಇದ್ದದ್ದನ್ನು ಹಿಡಿದು, ಇನ್ನು ಮೀಸೆಗೌಡರ ವಂಶ ಮುಗಿಯಿತು ಎಂದರು. ಮಾವ ಒಪ್ಪಲಿಲ್ಲ. ಅವು ಕೆಸರೊಳಗೆ ಇಳಿದು ಮಲಗುತ್ತವೆ, ಮಳೆ ಬಂದರೆ ಏಳುತ್ತವೆ ಎಂದು ಅವರಿಗೆ ಅಷ್ಟು ಹೊತ್ತಿಗೆ ತಿಳಿದಿತ್ತು. ಇಷ್ಟು ವರ್ಷ ಎದುರಾಳಿಯನ್ನೇ ನೋಡುತ್ತ ಕೂತವರು.

"ಗೋಡು ಒಡೀರಿ" ಎಂದು ಮನೆ ಮನೆಗೆ ಹೋಗಿ ಹೇಳಿದರು. ಗೋಡು ಎಂದರೆ ಕೆರೆಯ ಹೂಳು ಮಣ್ಣು, ಹೊಲಕ್ಕೆ ಹಾಕಿದರೆ ಬಂಗಾರ. "ನಿಮ್ ಒಲಕ್ಕೂ ಆಯ್ತದೆ, ಮೀನೂ ಆಚೆಗ್ ಬತ್ತವೆ. ನನ್ ಗಾಡಿ ಎತ್ತು ನಾನೂ ತತ್ತೀನಿ."

ಜನಕ್ಕೆ ಮಣ್ಣಿನ ಆಸೆ, ಮಾವನಿಗೆ ಮೀನಿನ ಹಟ. ಗಾಡಿಗಳು, ಒಂದೆರಡು ಟ್ರ್ಯಾಕ್ಟರ್‌ಗಳು ಕೆರೆಗೆ ಇಳಿದವು. ನಮ್ಮ ಯಜಮಾನರೂ ಆ ಸಲ ಓವರ್‌ಟೈಮ್ ಸಿಗಲಿಲ್ಲವೆಂದು ರಜದ ದಿನ ಗುದ್ದಲಿ ಹಿಡಿದು ಬಂದರು. ಅಗೆದರೆ ಸಾಕು, ಒದ್ದೆ ಮಣ್ಣಿನೊಳಗಿಂದ ಕಪ್ಪು ಬೆನ್ನು ಹೊರಳುತ್ತಿತ್ತು. ಮಾವ ಒಂದು ದೊಡ್ಡದನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದರು. ಅದು ಬಾಲ ಬೀಸಿತು, ಮಾವ ಬೋರಲಾಗಿ ಕೆಸರಿಗೆ ಬಿದ್ದರು. ಎದ್ದಾಗ ಮೈಯೆಲ್ಲ ಕಪ್ಪು, ಮೀಸೆಯಿಂದ ಕೆಸರು ತೊಟ್ಟಿಕ್ಕುತ್ತಿತ್ತು. ಏರಿಯ ಮೇಲೆ ನಿಂತಿದ್ದ ಅತ್ತೆ ಸೆರಗು ಬಾಯಿಗೆ ಅಡ್ಡ ಹಿಡಿದು ಕೇಳಿದರು:

"ಅಯ್ಯೋ, ಇದ್ರಲ್ಲಿ ಯಾವ್ದನ್ನ ಮನೆಗ್ ಕರ್ಕೊಂಡ್ ಓಗ್ಲಿ?"

ಗುದ್ದಲಿಗೆ ಸತ್ತ ಚಿಪ್ಪುಗಳು ರಾಶಿ ರಾಶಿ ಸಿಕ್ಕಿದವು. ಆದರೆ ತೂಬಿನ ಬುಡದ ತೇವದಲ್ಲಿ ನಮ್ಮ ಯಜಮಾನರಿಗೆ ಬಾಯಿ ಬಿಗಿದ ಒಂದಿಷ್ಟು ಚಿಪ್ಪುಗಳು ಕಂಡವು. ಜೀವ ಇತ್ತು. ದೊಡ್ಡವು, ಹಳೆಯವು. ಮರಿ ಒಂದೂ ಇರಲಿಲ್ಲ. ಅವನ್ನು ತಂದು ಮನೆಯ ಕಲ್ಲುಬಾನಿಯಲ್ಲಿ ತೆಳ್ಳಗೆ ಮಣ್ಣು ಹರವಿ, ನೀರು ತುಂಬಿ ಇಟ್ಟೆವು. ಹಸುಗಳು ಕುಡಿಯುವ ಬಾನಿ ಅದು. ಅವುಗಳಿಗೆ ಬಕೆಟ್ಟಿನಲ್ಲಿ ಕೊಟ್ಟೆವು.

"ಇಷ್ಟೊಂದು ಇದ್ವಲ್ಲ, ಮರಿ ಯಾಕ್ ಮಾಡ್ನಿಲ್ಲ?" ಎಂದು ಮಾವ ಕೇಳಿದರು. ಅವರು ನನ್ನನ್ನು ವಿಜ್ಞಾನದ ಪ್ರಶ್ನೆ ಕೇಳಿದ್ದು ಅದೇ ಮೊದಲು.

ಕಾಲೇಜಿನಲ್ಲಿ ಓದಿದ್ದು ನೆನಪಿತ್ತು. ಚಿಪ್ಪಿನ ಮರಿಗಳು ಮೊದಲು ಸಣ್ಣ ಮೀನಿನ ಕಿವಿರಿಗೋ ಈಜುರೆಕ್ಕೆಗೋ ಕಚ್ಚಿಕೊಂಡು ಕೆಲವು ದಿನ ಸವಾರಿ ಮಾಡುತ್ತವೆ. ಆಮೇಲೆ ಕಳಚಿಕೊಂಡು ಕೆಸರಿಗೆ ಬಿದ್ದು ತಮ್ಮ ಸಂಸಾರ ನೋಡಿಕೊಳ್ಳುತ್ತವೆ. ಆ ಮೀನಿಲ್ಲದಿದ್ದರೆ ಮರಿ ಉಳಿಯುವುದಿಲ್ಲ. ಇದನ್ನು ಹೇಳಿದೆ.

"ಅಂದ್ರೆ ಸಾಸಲು ಪಕ್ಕೆ ಓದ್ವು, ಬಸ್ ನಿಂತೋಯ್ತು. ಇವು ಸ್ಟಾಪ್‌ನಲ್ಲೇ ನಿಂತವೆ" ಎಂದರು ಮಾವ. ಶಾಲೆಯಲ್ಲಿ ಆ ಪಾಠ ಬಂದಾಗಲೆಲ್ಲ ನಾನು ಈಗಲೂ ಹಾಗೆಯೇ ಹೇಳುತ್ತೇನೆ, ಯಾರು ಹೇಳಿದ್ದೆಂದು ಹೇಳುವುದಿಲ್ಲ.

ಮುಂಗಾರು ಕೊನೆಗೂ ಬಂತು. ಕೆರೆ ಅರ್ಧ ತುಂಬಿದ ಮೇಲೆ ಮಾವ ಹಿತ್ತಾಳೆ ಕೊಡ ಹಿಡಿದು ನರಸೀಪುರದಲ್ಲಿ ಎರಡು ಹೊಳೆ ಕೂಡುವಲ್ಲಿಗೆ ಹೋದರು. ನನ್ನ ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ನಿಂತಿದ್ದರು, ಪಂಚೆ ಮೊಣಕಾಲವರೆಗೆ ಒದ್ದೆ, ಕೊಡದ ಬಾಯಿಗೆ ತೆಳ್ಳನೆ ಬಟ್ಟೆ. ಒಳಗೆ ಸಾಸಲು, ಪಕ್ಕೆ ಮರಿಗಳು. ಇಬ್ಬರೂ ಒಂದೇ ಬಸ್ಸಿಗೆ ಬಂದೆವು. ಕಂಡಕ್ಟರ್ ಕೊಡದೊಳಗೆ ಇಣುಕಿದ.

"ಯಜಮಾನ್ರೇ, ಇವು ಎಲ್ಲಿಯವು? ಈ ಸಲ ಚೀನಾದವಾ?"

"ಇಲ್ಲೇ, ಸಂಗಮದವು" ಎಂದರು ಮಾವ. ಗುಂಡಿ ಬಂದಾಗಲೆಲ್ಲ ಕೊಡವನ್ನು ಮಡಿಲಿಗೆ ಎತ್ತಿಕೊಳ್ಳುತ್ತಿದ್ದರು. ನಾನು ಈ ಸಲ ಬೇರೆ ಕಡೆ ನೋಡಲಿಲ್ಲ. ಅವರ ಚೀಲವನ್ನು ನಾನೇ ಹಿಡಿದುಕೊಂಡೆ.

ಹಾಗೆ ಆ ಮಳೆಗಾಲ ಪೂರ್ತಿ ಕೊಡ ಓಡಾಡಿತು. ಕೆರೆಯ ಜೊಂಡಿನ ಮೂಲೆಗೆ ಸಾವ್ಕಾರರು ತಮ್ಮ ಅಂಗಡಿಯ ಹಳೆಯ ಕಬ್ಬಿಣದ ಜಾಲರಿ ಕೊಟ್ಟರು, ದೊಡ್ಡ ಮೀನು ಒಳಗೆ ಬರದಂತೆ ಅಡ್ಡ ಕಟ್ಟಲು. ಕಲ್ಲುಬಾನಿಯ ಚಿಪ್ಪುಗಳನ್ನು ಅತ್ತೆ ಒಂದೊಂದಾಗಿ ಅಲ್ಲಿನ ಕೆಸರಿನಲ್ಲಿ ಊರಿದರು, ಪೈರು ನಾಟಿ ಮಾಡಿದ ಹಾಗೆ.

ಇದರಿಂದ ಕೆರೆ ಮೊದಲಿನಂತಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮೀಸೆಗೌಡರು ನಾಲೆಯ ನೀರಿನ ಜೊತೆ ಮತ್ತೆ ಬಂದರು. ಅಂಥ ಹೊಂಡ ತೆಗೆದವರು ಸುತ್ತಿನಲ್ಲಿ ನಮ್ಮ ಮಾವ ಒಬ್ಬರೇ ಅಲ್ಲವಲ್ಲ. ಜಾಲರಿ ತುಕ್ಕು ಹಿಡಿದು ಹರಿಯಿತು, ಇನ್ನೊಂದು ಕಟ್ಟಿದರು. ಆದರೂ ಒಂದೆರಡು ವರ್ಷ ಕಳೆದ ಮೇಲೆ ಜೊಂಡಿನ ಮೂಲೆಯ ನೀರು ಉಳಿದ ಕೆರೆಗಿಂತ ತಿಳಿಯಾಗಿತ್ತು. ಒಂದು ದಿನ ಅಲ್ಲಿ ಅತ್ತೆ ಕಾಲು ಇಳಿಬಿಟ್ಟು ಕೂತಿದ್ದವರು ಸುಮ್ಮನೆ ನಗತೊಡಗಿದರು. ಏನೆಂದು ಕೇಳಿದರೆ ನನ್ನನ್ನೂ ಕೂರಿಸಿದರು. ಒಂದೇ ಒಂದು ಪುಟ್ಟ ಮೀನು. ಕಚ್ಚಿತೋ ಇಲ್ಲವೋ ಎಂಬಂತೆ ಮುಟ್ಟಿ ಹೋಯಿತು.

ಮಾವ ಗಾಳ ಬಿಡಲಿಲ್ಲ. ಹೊಸ ಯೋಜನೆಗಳನ್ನೂ ಪೂರ್ತಿ ಬಿಡಲಿಲ್ಲ. ಊರೂರಿನಲ್ಲಿ ವೆನಿಲ್ಲಾ ಬಳ್ಳಿಯ ಹುಚ್ಚು ಹಿಡಿದಾಗ ಕೈ ತುರಿಸುತ್ತಿತ್ತೆಂದು ಕಾಣುತ್ತದೆ, ಒಂದು ಬಳ್ಳಿ ತಂದೂ ತಂದರು. ಆದರೆ ಅದನ್ನು ಕುಂಡದಲ್ಲಿ ನೆಟ್ಟು, ಕುಂಡವನ್ನು ಜಗುಲಿಯ ಮೇಲಿಟ್ಟು, "ಇದು ಎಲ್ಲೂ ಓಗಲ್ಲ ತಾನೆ" ಎಂದು ನನ್ನನ್ನು ಕೇಳಿದ ಮೇಲೆ ನೀರು ಹಾಕಿದರು.

ಇನ್ನೊಂದು ಸಂಜೆ ನೆನಪಿದೆ. ಮನೆಗೆ ನಂಟರು ಬರುವವರಿದ್ದರು. ತೂಬಿನ ಹತ್ತಿರ ಮಾವನಿಗೆ ಒಳ್ಳೆಯ ಕೊರಮೀನು ಬಿದ್ದಿದೆ ಎಂದು ಸಾವ್ಕಾರರು ಹೇಳಿಕಳಿಸಿದರು. ಕೊರಮೀನು ನಮ್ಮ ಕೆರೆಯದೇ ಹಳೆಯ ಮೀನು. ಬಹಳ ವರ್ಷದಿಂದ ಕಂಡಿರಲಿಲ್ಲ. ಅತ್ತೆ ಸಂಭ್ರಮದಿಂದ ಒಲೆ ಹಚ್ಚಿ, ಕಾಯಿ, ಧನಿಯ, ಮೆಣಸು ಹಾಕಿ ಮಸಾಲೆ ಅರೆದು, ಹುಣಸೆಹಣ್ಣು ಕಿವುಚಿ ಇಟ್ಟರು. ಮಾವ ಬಂದರು. ಕೈ ಬರಿದು.

"ಎಲ್ಲಿ?"

ಮಾವ ಕಾಲು ತೊಳೆಯುವುದರಲ್ಲಿ ತುಂಬ ಮಗ್ನರಾದರು. "ಬುಟ್ಟೆ" ಎಂದರು ಕೊನೆಗೆ.

"ಬುಟ್ರಾ?"

"ಮರಿಗೆ ಕಾವಲಿತ್ತು ಕಣೆ. ಪಕ್ಕದಲ್ಲೇ ಕೆಂಪ್ಗೆ ಮರಿ ಗುಂಪು ಆಡ್ತಿತ್ತು. ಸಾವ್ಕಾರ್ರು ತೋರುಸುದ್ರು. ಎಂಗ್ ತರದು?"

ಅತ್ತೆ ಅರೆದ ಮಸಾಲೆಯ ಬಟ್ಟಲನ್ನು ನೋಡಿದರು, ಮಾವನನ್ನು ನೋಡಿದರು. "ಆಫ್ರಿಕಾದೋರ್ನ ತಂದ್ರಿ, ಊರೋರ್ನ ಬುಟ್ರಿ. ನಾನ್ ಮಾತ್ರ ಇಲ್ಲೇ ಅರೀತಾ ಕೂತೀನಿ" ಎಂದು ಒಳಗೆ ಹೋದರು. ಒಳಗೆ ನಾನು ಹೋದಾಗ ಅವರು ಬದನೆಕಾಯಿ ಹೆಚ್ಚುತ್ತಿದ್ದರು. ಮುಖದಲ್ಲಿ ಕೋಪ ಇರಲಿಲ್ಲ.

ನಂಟರು ಬಂದು ಉಂಡರು. ಮೀನಿಲ್ಲದ ಮೀನು ಸಾರು ಚೆನ್ನಾಗಿದೆ ಎಂದು ಎರಡನೇ ಸಲ ಹಾಕಿಸಿಕೊಂಡರು.